ಬಲಬದಿ ಸವೆದ ಬಂದೂಕು

ನೀಲಗಂಗಾಬಾಯಿ ಕೊಡುವುದು ಎಡಗೈಯಿಂದ, ಇಸಿದುಕೊಳ್ಳುವುದೂ ಎಡಗೈಯಿಂದ. ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ, ಅದೂ ಬೆಳಗಿನ ಬೋಣಿಗೆಯ ಹೊತ್ತಿನಲ್ಲಿ, ಗಿರಾಕಿಯ ಮುಂದೆ ಎಡಗೈ ಚಾಚಲು ಎಂಥ ಎದೆಗಾರಿಕೆ ಬೇಕೆಂಬುದು ವ್ಯಾಪಾರ ಬಲ್ಲವರಿಗೇ ಗೊತ್ತು. ಮುಖ ಸಿಂಡರಿಸಿದವರಿಗೆ ಅವರ ಉತ್ತರ ಸದಾ ಸಿದ್ಧ: “ಬಲಗೈಲೆ ಕೊಟ್ರ ಖೋಟಾ ಮಾಲೂ ನಡೀತದ, ಎಡಗೈಲೆ ಕೊಟ್ರ ಖರೇ ಮಾಲೂ ನಡಿಯಂಗಿಲ್ಲೇನ್ರಿ? ಬ್ಯಾಡಾಗಿದ್ರ ಬಿಡ್ರಿ.” ಬಿಟ್ಟು ಹೋದವರನ್ನು ನಾನು ಕಂಡಿಲ್ಲ. ಹಳೆಯ ಸಮಯಿ ದೀಪ, ಹಿತ್ತಾಳೆಯ ಬೀಗ, ಸಂಸ್ಥಾನದ ಕಾಲದ ಕತ್ತಿ, ಯಾವುದಕ್ಕೇ ಆಗಲಿ ಅವರಂತೆ ಬೆಲೆ ಕಟ್ಟುವವರು ಆ ಪೇಟೆಯಲ್ಲಿ ಇನ್ನೊಬ್ಬರಿಲ್ಲ.

ಇಳಕಲ್ಲ ಸೀರೆಯ ಮೇಲೆ ತೀರಿಹೋದ ಮಾವನವರ ಖಾಕಿ ಕೋಟು ತೊಟ್ಟು, ಎದುರಿಗೆ ಬಂದವರೇ ಸರಿಯಲಿ ಎಂಬ ಗತ್ತಿನಲ್ಲಿ ಅವರು ನಡೆದು ಬರುವುದನ್ನು ನಾನು ಅವರ ಹಳೆಸಾಮಾನಿನ ಅಂಗಡಿಯ ಎದುರಿನ ವಾಚನಾಲಯದ ಬಾಗಿಲಲ್ಲಿ ಕುಳಿತು ವರ್ಷಗಟ್ಟಲೆ ನೋಡಿದ್ದೇನೆ. ಆ ಕೋಟಿನ ಎಡ ಜೇಬಿನ ಬಾಯಿ ಸವೆದು ಎಳೆಎಳೆಯಾಗಿದೆ. ಬಲ ಜೇಬು ದರ್ಜಿಯ ಮನೆಯಿಂದ ನಿನ್ನೆ ಬಂದಂತಿದೆ. ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ಯಾರೇ ಮೆಟ್ಟಿಲು ಹತ್ತಲಿ, ಗಂಟು ಬಿಚ್ಚುವ ಮೊದಲೇ ಬಾಯಿಯವರ ಬಾಯಿಂದ ಬರುವ ಮಾತು ಒಂದೇ: “ತಿಕ್ಕಬ್ಯಾಡ್ರಿ.” ತಿಕ್ಕಿ ಫಳಫಳ ಹೊಳೆಸಿ ತಂದವರಿಗಂತೂ ಮಂಗಳಾರತಿ. ಕಬ್ಬಿಣ ತಿನ್ನುವ ಕೆಂಪು ಜಂಗು ವೈರಿ, ಅದನ್ನು ತೆಗೆಯಬೇಕು; ಕಾಲ ಹಚ್ಚಿದ ಕಂದು ಬಣ್ಣ ಮನೆಯ ಹಿರಿಯ, ಅದನ್ನು ಮುಟ್ಟಬಾರದು ಎಂಬುದು ಅವರ ಧರ್ಮಶಾಸ್ತ್ರ.

ಅವರ ತವರು ಅಕ್ಕಲಕೋಟ ತಾಲೂಕಿನ ಹನ್ನೂರ. ಎಡಗೈಯಲ್ಲಿ ರೊಟ್ಟಿ ಮುರಿದ ಕೂಸಿಗೆ ಆ ಮನೆಯಲ್ಲಿ ಸೌಟಿನ ಪೆಟ್ಟು ಬೀಳುತ್ತಿತ್ತು, ಜೊತೆಗೆ “ರೇವಮ್ಮನ ಚಾಳಿ ಬಂದದ ನೋಡ್ರಿ ಇದಕ್ಕ” ಎಂಬ ಬೈಗುಳವೂ ಬೀಳುತ್ತಿತ್ತು. ರೇವಮ್ಮ ಅವರ ಮುತ್ತಜ್ಜಿ. ಮುತ್ತಜ್ಜ ಅಮೋಗಸಿದ್ಧಪ್ಪ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಹೊಡೆದ ಶೂರನೆಂದು ಮನೆತನವೆಲ್ಲ ಮೀಸೆ ತಿರುವುತ್ತಿತ್ತು. ರೇವಮ್ಮನ ವಿಷಯದಲ್ಲಿ ಉಳಿದಿದ್ದ ಮಾತು ‘ಎಡಚಿ’ ಎಂಬುದೊಂದೇ. ಒಂದು ಜನ್ಮವನ್ನು ಒಂದು ಬೈಗುಳದಲ್ಲಿ ಮುಗಿಸಿಬಿಡುವ ಮನೆಗಳ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟು.

ಹೋದ ವರ್ಷ ಖಂಡೇನವಮಿಗೆ ತಮ್ಮ ಗುರುಸಿದ್ಧ ಅಕ್ಕನನ್ನು ಕರೆಸಿದ. ಮುತ್ತಜ್ಜ ಹಂದಿ ಹೊಡೆದನೆನ್ನುವ ಬಂದೂಕನ್ನು ನೋಡುವ ಆಸೆಗೆ ನಾನೂ ಅವರ ಜೊತೆ ಅಕ್ಕಲಕೋಟದ ಬಸ್ಸು ಹತ್ತಿದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕಾಲದ ರೈಫಲ್ಲು ಅದು. ಗುಂಡು ಹಾರಿಸುವ ಶಕ್ತಿ ಎಂದೋ ಹೋಗಿ, ಪೊಲೀಸರ ದಫ್ತರದಲ್ಲೂ ನಿರುಪಯೋಗಿ ಎಂದೇ ದಾಖಲಾಗಿ, ಪಡಸಾಲೆಯ ಎತ್ತರದ ಗೂಟಕ್ಕೆ ತೂಗುತ್ತ ಹಬ್ಬಕ್ಕೊಂದು ಹೂವು ಏರಿಸಿಕೊಳ್ಳುತ್ತಿತ್ತು. ಆ ಸಲ ಸೊಲ್ಲಾಪುರದ ಹೋಟೆಲಿನವರೊಬ್ಬರು ತಮ್ಮ ಗೋಡೆಗೆ ಬೇಕೆಂದು ಕೇಳಿದ್ದರು. ಆಯುಧಗಳನ್ನು ತಿಕ್ಕಿ ತೊಳೆದು ಪೂಜಿಸುವ ಹಬ್ಬ. ಹೊಳಪೂ ಬರುತ್ತದೆ, ಪುಣ್ಯವೂ ಬರುತ್ತದೆ ಎಂದು ಗುರುಸಿದ್ಧ ಹುಣಸೆಹಣ್ಣು, ಬೂದಿ, ಉಸುಕಿನ ಕಾಗದ, ವಾರ್ನಿಶಿನ ಡಬ್ಬಿ ಎಲ್ಲ ಸಜ್ಜು ಮಾಡಿಟ್ಟಿದ್ದ.

“ತಿಕ್ಕಬ್ಯಾಡ” ಎನ್ನುತ್ತಲೇ ಬಾಯಿಯವರು ಹೊಸ್ತಿಲು ದಾಟಿದರು. ಬಂದೂಕನ್ನು ಇಳಿಸಿ, ಬೆವರು ತಾಗದಂತೆ ಹಳೆಯ ಧೋತರದ ತುಂಡಿನಲ್ಲಿ ಹಿಡಿದರು. ನಳಿಗೆಯೊಳಗೆ ತೆಳ್ಳನೆಯ ಕಡ್ಡಿ ಇಳಿಬಿಟ್ಟು, ಅದೇ ಕಡ್ಡಿಯನ್ನು ಹೊರಗೆ ಹಿಡಿದು ಅಳೆದು, ಒಳಗೆ ಹಳೆಯ ಮದ್ದು ಕುಳಿತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮೆತ್ತನೆಯ ಬಟ್ಟೆಗೆ ಹೊಲಿಗೆಯಂತ್ರದ ಎಣ್ಣೆ ತಾಗಿಸಿ ಕಬ್ಬಿಣವನ್ನಷ್ಟೇ, ಕೂಸಿನ ಮೈ ಒರೆಸುವಂತೆ, ಒರೆಸಿದರು. ಮರಕ್ಕೆ ಒಣ ಬಟ್ಟೆ ಮಾತ್ರ. ಹೆಗಲಿಗೆ ಒತ್ತುವ ಹಿಂಬದಿಯ ಮರದ ದಸ್ತಾವನ್ನು ಹೊರಳಿಸಿದಾಗ, ಅದರಲ್ಲಿದ್ದ ಒಂದು ತಗ್ಗಿನ ಮೇಲೆ ಅವರ ಕೈ ತಟ್ಟನೆ ನಿಂತಿತು.

“ಆ ತಗ್ಗ ಒಂದ ತುಂಬಿ ವಾರ್ನಿಶ್ ಹೊಡದ್ರ ಆತಕ್ಕಾ,” ಎಂದ ಗುರುಸಿದ್ಧ. “ನೀ ಬರೇ ಕಿಮ್ಮತ್ತ ಹೇಳು.”

ಅವರು ಕಿಮ್ಮತ್ತು ಹೇಳಲಿಲ್ಲ. ಬಂದೂಕನ್ನು ಎತ್ತಿ ಎಡ ಹೆಗಲಿಗಿಟ್ಟು, ಗೋಡೆಯತ್ತ ಗುರಿ ಹಿಡಿದರು. ದಸ್ತಾದ ಬಲಬದಿಯಲ್ಲಿ ಸವೆದು ಕಪ್ಪಾಗಿದ್ದ ಆ ತಗ್ಗಿನಲ್ಲಿ ಅವರ ಎಡಗೆನ್ನೆ ಹೋಗಿ ಕುಳಿತಿತು. ಬಲಗೈಯವರು ಗುರಿ ಹಿಡಿದರೆ ಕೆನ್ನೆ ಒತ್ತುವುದು ಎಡಬದಿಗೆ. ಆ ಬದಿ ಬಡಿಗನ ಕೈಬಿಟ್ಟ ದಿನದಂತೆಯೇ ನುಣುಪಾಗಿತ್ತು.

ಕಂಬಕ್ಕೊರಗಿ ಕುಳಿತಿದ್ದ ಚಿಕ್ಕಪ್ಪ ಕಲ್ಲಣ್ಣನನ್ನು ಅವರು ಕೇಳಿದರು: “ಕಾಕಾ, ಅಮೋಗಸಿದ್ಧ ಮುತ್ಯಾ ಎಡಚ ಇದ್ನೇನು?”

“ಅಂವ ಯಾಕ ಎಡಚ ಆಗ್ತಾನವ? ಎಡಚಿ ಅಂದ್ರ ನಮ್ಮಾಯಿ, ನಮ್ಮಪ್ಪನ ಅವ್ವ ರೇವಮ್ಮ,” ಎಂದ ಮುದುಕ ತನ್ನ ಮೂಗಿನ ಬದಿಗೆ ಬೆರಳಿಟ್ಟು ತೋರಿಸಿದ. “ಆಕಿ ಮೂಗಿನ ಬಾಜೂಕ ಕರಿ ಚುಕ್ಕಿ ಇದ್ವು. ಒಲಿ ಕಿಡಿ ಸಿಡದಾವ ಅಂತಿದ್ರು ಮನ್ಯಾಗ.”

“ಒಲಿ ಕಿಡಿ ಅಲ್ಲ ಕಾಕಾ, ಮದ್ದಿನ ಕಿಡಿ.” ಬಡಿದು ಕಿಡಿ ಹಾರಿಸುವ ಕುದುರೆಯ ಕೀಲು ಬಂದೂಕಿನ ಬಲಕ್ಕಿತ್ತು, ಎಡ ಹೆಗಲಿಗಿಟ್ಟು ಹೊಡೆದವರ ಮುಖಕ್ಕೇ ಅದು ಸಿಡಿಯಬೇಕು. ಹಂದಿ ಹೊಡೆದವಳು ಹೆಂಡತಿ, ಮೀಸೆ ತಿರುವಿದ್ದು ಗಂಡನ ಹೆಸರಿನಲ್ಲಿ.

ಗುರುಸಿದ್ಧ ಸಿಡುಕಿದ: “ಹೆಂಗಸು ಹೊಡದ ಬಂದೂಕಂದ್ರ ಯಾರ ತಗೋತಾರಕ್ಕಾ? ಮ್ಯಾಲ, ಹಬ್ಬದ ದಿನಾ ಆಯುಧ ತಿಕ್ಕದ ಪೂಜಾ ಮಾಡಿದ್ರ ದೇವಿ ಸಿಟ್ಟಾಗ್ತಾಳ.”

“ದೇವಿಗಿ ಎಷ್ಟ ಕೈ ಅವಲೇ? ಅದರಾಗ ಅರ್ಧ ಎಡಗೈ. ಒಂದರೆ ಖಾಲಿ ಅದ ಏನು ನೋಡು!”

ಬಾಯಿಯವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. “ನನ್ನ ಕೈ ತಿಕ್ಕಿದ್ರಿ ಗುರ್ಯಾ, ಅದು ಹೋಗಲಿಲ್ಲ. ಆಕಿ ಹೆಸರ ತಿಕ್ಕಿದ್ರಿ, ಅದು ಹೋತು. ಆಕೀದಂತ ಉಳದದ್ದು ಈ ತಗ್ಗ ಒಂದ. ಹಿಂಗ ಇದ್ರ ಇದಕ್ಕ ಕಿಮ್ಮತ್ತ ಅದ, ಬಲ್ಲಾಂವ ಬಂದು ಕೇಳ್ತಾನ. ತಿಕ್ಕಿದ್ರ ಬರೇ ಕಟ್ಟಿಗಿ, ಬರೇ ಕಬ್ಬಣ.”

ಪೂಜೆಯ ಹೊತ್ತು ಮೀರುತ್ತ ಬಂತು. ಗುರುಸಿದ್ಧ ಗೊಣಗುತ್ತಲೇ ವಾರ್ನಿಶಿನ ಡಬ್ಬಿಯನ್ನು ಒಳಗಿಟ್ಟ. ಕುಂಕುಮವನ್ನು ಕಬ್ಬಿಣಕ್ಕೆ ಹಚ್ಚಗೊಡದೆ ಗೋಡೆಯ ಗೂಟಕ್ಕೆ ಹಚ್ಚಿಸಿದ ನೀಲಗಂಗಾಬಾಯಿ ಬಂದೂಕಿಗೆ ಹೂವು ಏರಿಸಿದರು, ಎಲ್ಲರೆದುರಿಗೆ, ಎಡಗೈಯಿಂದ. ಕಲ್ಲಣ್ಣ ಕಾಕಾ ಕೈ ಮುಗಿದ. ಹೋಟೆಲಿನವರು ಬೇಡವೆಂದರು, ಅವರ ಗೋಡೆಗೆ ಅಷ್ಟು ಯೋಗ್ಯತೆ ಇರಲಿಲ್ಲವೆಂದು ನಾನು ತಿಳಿದೆ. ಈಗ ಅದು ಅದೇ ಗೂಟದಲ್ಲಿ, ಬಲಬದಿ ಹೊರಗೆ ಮಾಡಿ, ಉಳಿದ ಮನೆಗಳ ಬಂದೂಕುಗಳಿಗೆ ವಿರುದ್ಧ ದಿಕ್ಕಿಗೆ ಮೂತಿ ತಿರುಗಿಸಿ ತೂಗುತ್ತಿದೆ. ಬಂದ ನೆಂಟರೆಲ್ಲ ಇದೇಕೆ ಉಲ್ಟಾ ಎಂದು ಕೇಳುತ್ತಾರೆಂದು ಗುರುಸಿದ್ಧನ ತಕರಾರು. “ಕೇಳಲಿ. ಕೇಳಿದವ್ರಿಗಿ ರೇವಮ್ಮನ ಹೆಸರ ಹೇಳು,” ಎನ್ನುತ್ತಾರೆ ಅಕ್ಕ.

ಮನೆ, ಪೇಟೆ, ಪದ್ಧತಿ ಮೂರೂ ಕೂಡಿ ತಿಕ್ಕಿ ತಿಕ್ಕಿ ಎಲ್ಲರಂತೆ ಹೊಳೆಯುವಂತೆ ಮಾಡಲು ಹೊರಟರೂ ಮಣಿಯದೆ ಕೂರುವ ಇಂಥವರನ್ನು ನಾವು ಹಟಮಾರಿಗಳೆಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ಅವರು ಹಿಡಿದ ಹಟ ತಮಗಾಗಿ ಅಲ್ಲವೆಂಬುದು ತಿಳಿಯುವಷ್ಟರಲ್ಲಿ ನಾವು ಎಷ್ಟೋ ಗುರುತುಗಳನ್ನು ಬೂದಿ ಹಚ್ಚಿ ತೊಳೆದು ಚರಂಡಿಗೆ ಬಿಟ್ಟಿರುತ್ತೇವೆ. ಅಂಥವರೊಬ್ಬರು ಅಡ್ಡ ಕುಳಿತ ಮನೆಯಲ್ಲಿ ಮಾತ್ರ, ಸತ್ತವರಿಗೂ ತಮ್ಮ ಕೆನ್ನೆ ಊರಲು ಒಂದು ಜಾಗ ಉಳಿದಿರುತ್ತದೆ.