ರೆಹೋಬೋತ್ ಎಂಬ ಉಗ್ರಾಣ

ವೃದ್ಧಾಶ್ರಮ ನೋಡಿಕೊಳ್ಳುತ್ತಿದ್ದ ಪಾದ್ರಿ ಅಯ್ಯನವರಿಗೆ ಬೋರ್ಡು ಬರೆಸುವ ಹುಚ್ಚು ಹತ್ತಿದ್ದು ಸತ್ಯವೇದದ ಶಿಬಿರವೊಂದಕ್ಕೆ ಹೋಗಿ ಬಂದ ಮೇಲೆ. ಬೈಬಲಿನಲ್ಲಿ ಬರುವ ಒಂದೊಂದು ಊರಿನ ಹೆಸರಿನಲ್ಲೂ ದೇವರು ಒದಗಿಸುತ್ತಾನೆಂಬ ಪಾಠ ಅಡಗಿದೆಯೆಂದು ಅಲ್ಲಿ ಯಾರೋ ಅವರ ತಲೆಗೆ ತುಂಬಿದ್ದರು. ಬಂದ ಎಂಟೇ ದಿನಕ್ಕೆ ಬಹುತೇಕ ಎಲ್ಲ ಬಾಗಿಲಿಗೂ ನೀಲಿ ಬೋರ್ಡು. ಅಡುಗೆಮನೆ ‘ಬೇತ್ಲೆಹೇಮ್’, ಅಂದರೆ ರೊಟ್ಟಿಯ ಮನೆ. ಹಿಟ್ಟು ಮಾತ್ರ ಎಂದಿನಂತೆ ಇಪ್ಪತ್ತನೇ ತಾರೀಕಿಗೇ ತಳ ಕಾಣುತ್ತಿತ್ತು. ಬಚ್ಚಲು ‘ಏಲೀಮ್’, ಹನ್ನೆರಡು ಬುಗ್ಗೆಗಳಿದ್ದ ಜಾಗ. ಇಲ್ಲಿದ್ದ ನಲ್ಲಿ ಮೂರು, ಅದರಲ್ಲಿ ಎರಡು ಬರೀ ಗಾಳಿ ಉಗುಳುತ್ತಿದ್ದವು.

ಅಡುಗೆಯವಳು ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದಳು, ತನ್ನ ಬಾಗಿಲಿಗೆ ಬೋರ್ಡು ಬರುವ ತನಕ. ಅವಳೂ ಮಗಳೂ ಇದ್ದದ್ದು ಉಗ್ರಾಣದಲ್ಲಿ. ಹನ್ನೆರಡು ವರ್ಷದ ಹುಡುಗಿ ನೋಡನೋಡುತ್ತ ಎತ್ತರ ಬೆಳೆದು, ಈಗ ಕಾಲನ್ನು ಹಿಟ್ಟಿನ ಮೂಟೆಯ ಮೇಲಿಟ್ಟೇ ಮಲಗಬೇಕಿತ್ತು. ರಜೆ ಮುಗಿಯುವುದರೊಳಗೆ ಬೇರೆ ಕೋಣೆ ಸಿಗದಿದ್ದರೆ ಅವಳನ್ನು ದೊಡ್ಡಮ್ಮನ ಊರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಕೋಣೆ ಇರಲಿಲ್ಲವೆಂದಲ್ಲ. ಎದುರಿಗೇ ಕಿಟಕಿಯಿದ್ದ ದೊಡ್ಡ ಕೋಣೆಯೊಂದು, ಎಂದೋ ಬರಲಿರುವ ಅತಿಥಿಗಾಗಿ ಎರಡು ವರ್ಷದಿಂದ ಬೀಗ ಹಾಕಿಸಿಕೊಂಡು ಕೂತಿತ್ತು. ಅದರ ಹೆಸರು ‘ಕೆರೀತ್’, ಪ್ರವಾದಿ ಎಲೀಯನು ಅಡಗಿದ್ದ ಹಳ್ಳ.

ಅವಳು ಆ ಕೋಣೆ ಕೇಳಿದ್ದು ಮೂರು ಸಲ. ಮೂರನೆಯ ಸಲಕ್ಕೆ ಅಯ್ಯನವರು ಉತ್ತರದ ಬದಲು ಬೋರ್ಡನ್ನೇ ತಂದರು: ‘ರೆಹೋಬೋತ್’.

“ಇಸಾಕನು ಬಾವಿ ತೋಡಿ ಇಟ್ಟ ಹೆಸರಮ್ಮ ಇದು. ವಿಶಾಲವಾದ ಜಾಗ ಅಂತ ಅರ್ಥ. ದಿನಾ ಓದ್ತಾ ಇರಿ, ಜಾಗ ತಾನಾಗೇ ಆಗುತ್ತೆ.”

ಅವರು ಅತ್ತ ಹೋದ ಮೇಲೆ ಮಗಳು ಅಧ್ಯಾಯ ತೆಗೆದು ನೋಡಿದಳು. “ಅಮ್ಮ, ಅವನಿಗೆ ಜಾಗ ಸಿಕ್ಕಿದ್ದು ಅಲ್ಲಿಂದ ಎದ್ದು ಬೇರೆ ಕಡೆ ಹೋದ್ಮೇಲೆ.”



ಮುಂದಿನ ವಾರ ತಪಾಸಣೆಗೆ ದೊಡ್ಡಯ್ಯನವರು ಬಂದರು. ಚರ್ಚಿನ ಅಯ್ಯನವರಿಗೆಲ್ಲ ಮೇಲಿನವರು, ಶರೀರದಲ್ಲೂ ಅಷ್ಟೇ ದೊಡ್ಡವರು. ಬೆಳಗಿನ ಪ್ರಾರ್ಥನೆಯಲ್ಲಿ, ದೇವರು ಕೊಟ್ಟ ಜಾಗ ಎಂದೂ ಇಕ್ಕಟ್ಟಲ್ಲವೆಂದು ಮುಕ್ಕಾಲು ಗಂಟೆ ಬೋಧಿಸಿದರು. ಊಟವಾದ ಮೇಲೆ ಅವರ ಕಣ್ಣು ಎಳೆಯತೊಡಗಿತು. ಅಯ್ಯನವರು ಕೆರೀತಿನ ಬೀಗದ ಕೈ ಹಿಡಿದು ಮುಂದೆ ಬಂದರು.

“ಹಳ್ಳದಲ್ಲಿ ಬೇಡಪ್ಪ,” ಎಂದರು ದೊಡ್ಡಯ್ಯನವರು. “ನನಗೆ ರೆಹೋಬೋತ್ ಕೊಡಿ. ವಿಶಾಲವಾದ ವಸತಿ ಅಂತ ನೀವು ಕಳಿಸಿದ ವರದೀಲಿ ಓದಿದಾಗಲೇ ಅಂದ್ಕೊಂಡಿದ್ದೆ.”

ಅದು ಉಗ್ರಾಣ ಎಂದರೆ ವರದಿ ಸುಳ್ಳಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ದೊಡ್ಡಯ್ಯನವರು ಮೂಟೆಗಳ ನಡುವೆ ಮಲಗುತ್ತಾರೆ. ಅಯ್ಯನವರು ಯೋಚಿಸುತ್ತಿರುವಾಗಲೇ ಅಡುಗೆಯವಳು ಕೈ ಒರೆಸಿಕೊಂಡು ಬಂದು ಬಾಗಿಲು ತೆರೆದಳು.

ದೊಡ್ಡಯ್ಯನವರು ಒಳಗೆ ನೋಡಿದರು: ಎರಡು ಚಾಪೆ, ಒಂದು ಟ್ರಂಕು, ಏಳು ಮೂಟೆ, ಎಣ್ಣೆ ಡಬ್ಬಗಳ ಮೇಲೆ ಶಾಲೆಯ ಪುಸ್ತಕ. ಹಿಂದೆ ಇಪ್ಪತ್ತು ಮಂದಿ ಅಜ್ಜ ಅಜ್ಜಿಯರು ಕತ್ತು ಉದ್ದ ಮಾಡಿ ನಿಂತಿದ್ದರು. ಬೆಳಗಿನ ಬೋಧನೆ ಇನ್ನೂ ಅವರ ಕಿವಿಯಲ್ಲಿ ಬಿಸಿಯಾಗಿತ್ತು. ದೊಡ್ಡಯ್ಯನವರು ವಿಧಿಯಿಲ್ಲದೆ ದೇವರಿಗೆ ಸ್ತೋತ್ರ ಅಂದು ಒಳಗೆ ಹೋಗಿ, ಕಾಲನ್ನು ಮೂಟೆಯ ಮೇಲೇರಿಸಿ ಮಲಗಿದರು.

ಅಡುಗೆಯವಳು ಅಯ್ಯನವರತ್ತ ಕೈ ಚಾಚಿದಳು. ಹಾಗಾದರೆ ತಾನೂ ಮಗಳೂ ಎಲ್ಲಿರುವುದೆಂದು ಮೆಲ್ಲಗೆ ಕೇಳಿದಳು. ಅಯ್ಯನವರು ಕೆರೀತಿನ ಬೀಗದ ಕೈ ಕೊಟ್ಟು, ಅವರು ಏಳುವ ತನಕ ಮಾತ್ರ ಎಂದರು.

ದೊಡ್ಡಯ್ಯನವರು ಎದ್ದದ್ದು ಅರ್ಧ ಗಂಟೆಗೆ, ಕೋಟಿಗೆಲ್ಲ ಹಿಟ್ಟು ಮೆತ್ತಿಸಿಕೊಂಡು. ಅಷ್ಟರಲ್ಲಿ ಟ್ರಂಕು, ಚೊಂಬು, ಪುಸ್ತಕ ಎಲ್ಲ ಎದುರು ಕೋಣೆ ಸೇರಿ, ಕಿಟಕಿಗೆ ಹಳೆ ಸೀರೆಯ ಪರದೆಯೂ ಬಂದಿತ್ತು.

“ಈಗ ಖಾಲಿ ಮಾಡ್ಬಹುದಲ್ಲಮ್ಮ,” ಎಂದರು ಅಯ್ಯನವರು.

“ಮಾಡ್ತೀನಿ ಅಯ್ಯನವರೇ. ದೊಡ್ಡಯ್ಯನವರನ್ನೇ ಒಂದು ಮಾತು ಕೇಳಿ. ಆ ಜಾಗ ಒಬ್ಬ ತಾಯಿಗೂ ಮಗಳಿಗೂ ಸಾಕು ಅಂದ್ರೆ ಈಗಲೇ ಹೋಗ್ತೀವಿ.”

ದೊಡ್ಡಯ್ಯನವರು ಸೊಂಟ ಹಿಡಿದುಕೊಂಡು ನಿಂತಿದ್ದರು. ಅಜ್ಜ ಅಜ್ಜಿಯರ ಕಡೆ ನೋಡಿದರು. ಅಯ್ಯನವರ ಕಡೆ ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ, ತಮ್ಮ ಕಾರು ತರಲು ಹೇಳಿದರು. ಅಷ್ಟೇ.

ಅಯ್ಯನವರು ಕಾರಿನ ಹಿಂದೆ ಗೇಟಿನವರೆಗೂ ಓಡಿದರು. ಅಡುಗೆಯವಳು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಬಂದಳು. ಮಗಳು ಕಿಟಕಿಯ ಬೆಳಕಿನಲ್ಲಿ ಕೂತು ದೊಡ್ಡಮ್ಮನಿಗೆ ಕಾಗದ ಬರೆಯುತ್ತಿದ್ದಳು, ತಾನು ಬರುವುದಿಲ್ಲವೆಂದು.