ಮಳೆಗೆ ಬಿಟ್ಟ ಉಪ್ಪು

ಕಬ್ಬೂರಿನ ತುಳಸವ್ವನಿಗೆ ಸಮುದ್ರ ತೋರಿಸಿದವನು ನಿಪ್ಪಾಣಿಯ ಮುಕಾದಮ ಸಂಭಾಜಿ. ಕೂಲಿಯಾಳುಗಳನ್ನು ದೂರದೂರಿಗೆ ಕರೆದೊಯ್ಯುವುದು ಅವನ ಕಸುಬು. ಈ ಸಲ ಮಾತ್ರ ಅವನು ಕೂಲಿಯ ಮಾತೆತ್ತಲಿಲ್ಲ.

“ನಿಮ್ಮ ಸಂಘದ ಹತ್ತೂ ಮಂದಿ ಫೈನಾನ್ಸಿನ್ಯಾಗ ನಲವತ್ತು ಸಾವಿರದಂಗ ಸಾಲ ಎತ್ತರಿ. ಕೊಂಕಣದಾಗ ಒಂದು ಉಪ್ಪಿನಾಗರ ಲಾವಣಿಗಿ, ಗೇಣಿಗಿ ಹಿಡಿಯೋಣು. ವಾರದ ಕಂತು ನಾನು ತುಂಬತೀನಿ. ಉಪ್ಪು ಮಾರಿದ ಮ್ಯಾಲ ಅರ್ಧ ನಿಮಗ, ಅರ್ಧ ನನಗ.”

ಹೆಂಗಸರು ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಎತ್ತಿ ಅವನ ಕೈಗಿಟ್ಟರು.

ಜನವರಿಯಿಂದ ದುಡಿದರು. ಮಡಿಗಳ ಕೆಸರು ತುಳಿದು ಗಟ್ಟಿ ಮಾಡಿದರು, ಸಮುದ್ರದ ನೀರು ಕಟ್ಟಿದರು, ಹರಳುಗಟ್ಟಿದ ಉಪ್ಪನ್ನು ಹಲಗೆಯಿಂದ ಎಳೆದು ಬುಟ್ಟಿಯಲ್ಲಿ ಹೊತ್ತರು. ಎಲ್ಲರಿಗಿಂತ ಚಿಕ್ಕವಳಾದ ಕೋಮಲ, ಹಿಮ್ಮಡಿಯ ಬಿರುಕಿಗೆ ಉಪ್ಪಿಳಿದಾಗ ಹಲ್ಲು ಕಚ್ಚಿ ಅಳುತ್ತಿದ್ದಳು.

ಏಪ್ರಿಲ್‌ನಲ್ಲಿ ತುಳಸವ್ವನ ಅತ್ತೆ ಕಾಶಿಬಾಯಿಯ ಫೋನು ಬಂತು. “ಫೈನಾನ್ಸಿನಾವ್ರು ಬಾಗಲಾಗ ಕುಂತಿದ್ರು. ತಿಂಗಳಾತು, ಒಂದೂ ಕಂತು ಮುಟ್ಟಿಲ್ಲಂತ. ಎಮ್ಮಿ ಮಾರಿ ಕೊಟ್ಟೇನ್ವಾ.”

ಕೇಳಿದ್ದಕ್ಕೆ ಸಂಭಾಜಿ ನಕ್ಕ. “ಲಾವಣಿ ಕಾಗದ ನನ್ನ ಹೆಸರಿಗಿ ಐತಿ. ನಿಮ್ದೇನಿದ್ರೂ ಕೂಲಿ. ಸಾಲ ಎತ್ತಿದಾವ್ರು ನೀವು, ನೀವ ತುಂಬ್ರಿ.”

ತುಳಸವ್ವ ಜಗಳಾಡಲಿಲ್ಲ. ಗಂಟು ಕಟ್ಟಿ ಊರಿಗೆ ಹೊರಟವರನ್ನೂ ತಡೆದಳು. “ಈಗ ಹೋದ್ರ ಅಂವಗ ಬ್ಯಾರೆ ಆಳು ಸಿಗತಾರ. ತಡೀರಿ.”

ಒಂದು ತಿಂಗಳು ಬಾಯಿ ಮುಚ್ಚಿಕೊಂಡು ದುಡಿದರು. ರಾಶಿಗಳು ಆಳೆತ್ತರ ಬೆಳೆದವು. ಲಾರಿ ಬರಲು ಎರಡು ದಿನವಿರುವಾಗ, ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು.

“ರಾಶಿ ಮ್ಯಾಲ ತಾಡಪತ್ರಿ ಎಳೀರಿ! ಲಗೂನ!” ಸಂಭಾಜಿ ಓಡಿಬಂದ. ಹತ್ತು ಮಂದಿಯೂ ಬದುವಿನ ಮೇಲೆ ಕುಳಿತಿದ್ದರು. ಒಬ್ಬನೇ ಎಳೆದ ತಾಡಪತ್ರಿಯನ್ನು ಗಾಳಿ ಕಿತ್ತೊಯ್ದಿತು.

“ದುಪ್ಪಟ್ಟು ಕೂಲಿ ಕೊಡ್ತೀನಿ! ತುಳಸಕ್ಕಾ, ಅರ್ಧ ಪಾಲು ಬರದು ಕೊಡ್ತೀನಿ!”

ಕೋಮಲ ಎದ್ದಳು. ತುಳಸವ್ವ ಅವಳ ಸೆರಗು ಹಿಡಿದು ಜಗ್ಗಿದಳು. “ಕುಂದರ.” ಆಮೇಲೆ ಅವನತ್ತ ತಿರುಗಿದಳು. “ಕಾಗದ ನಿಮ್ಮ ಹೆಸರಿಗಿ ಐತಲ್ರಿ. ಉಪ್ಪೂ ನಿಮ್ದ, ಮಳಿನೂ ನಿಮ್ದ.”

ಮಳೆ ಕತ್ತಲಾಗುವವರೆಗೂ ಹೊಡೆಯಿತು. ರಾಶಿಗಳು ಕುಸಿದು, ಕರಗಿ, ಕಾಲುವೆ ಹಿಡಿದು ಹೋದವು. ಸಂಭಾಜಿ ಕೆಸರಲ್ಲಿ ಕುಳಿತು ಎದೆ ಬಡಿದುಕೊಂಡು ಅತ್ತ. ತುಳಸವ್ವ ತೋಯುತ್ತಲೇ ಕೊನೆಯ ರಾಶಿ ಇಳಿಯುವವರೆಗೂ ನೋಡಿದಳು.

ಲಾವಣಿಯ ಬಾಕಿಗೆ ಸಂಭಾಜಿಯ ಜೀಪು ಹೋಯಿತು. ಈಗ ಚಿಕ್ಕೋಡಿ ಕಡೆಯ ಯಾವ ಆಳೂ ಅವನ ಹಿಂದೆ ಹೋಗುವುದಿಲ್ಲ. ಸಾಲ ಮಾತ್ರ ಹೆಂಗಸರ ಮೇಲೆಯೇ ಉಳಿಯಿತು. ಕಬ್ಬಿನ ಕಳೆ ತೆಗೆದು ವಾರವಾರ ಕಟ್ಟುತ್ತಿದ್ದಾರೆ.

“ಅವತ್ತು ಅರ್ಧ ಪಾಲು ಬರಿಸ್ಕೊಂಡಿದ್ರ ಸಾಲ ಹರೀತಿತ್ತಲ್ಲ, ಯಕ್ಕಾ?” ಒಂದು ದಿನ ಕೋಮಲ ಕೇಳಿದಳು.

“ಹರೀತಿತ್ತು,” ತುಳಸವ್ವ ಕಳೆ ಕೀಳುವ ಕೈ ನಿಲ್ಲಿಸಲಿಲ್ಲ. “ಆದ್ರ ಅಂವ ಅಳೂದು ನೋಡಾಕ ಸಿಗತಿರಲಿಲ್ಲ.”