ನಡೆಯಲು ಜಾಗ

"ಮಲಗಲ್ಲ ಅಂದ್ರೆ ಮಲಗಲ್ಲ, ಬಿಡಿ ಅತ್ತೆ!"

ಅತ್ತೆ ಬಿಡಬೇಕಲ್ಲ! ತಮ್ಮನ ಮಗಳ ಎರಡೂ ಭುಜ ಹಿಡಿದು ಮಂಚದ ಕಡೆಗೆ ದಬ್ಬುತ್ತಲೇ ಇದ್ದಳು. ನಿನ್ನೆ ಎದೆ ಹಿಡಿದುಕೊಂಡು ಕೂತ ಅಪ್ಪ ಮತ್ತೆ ಏಳಲಿಲ್ಲ. ಈಗ ಹಜಾರದಲ್ಲಿ ಮಲಗಿದ್ದ. ಸ್ಮಶಾನಕ್ಕೆ ಕರೆದೊಯ್ಯುವ ಗಾಡಿ ಹೊರಗೆ ಬಂದು ನಿಂತಿತ್ತು. ಈ ಕೋಣೆಯ ಬಾಗಿಲು ಹಾಕಿಬಿಟ್ಟರೆ ಅಪ್ಪನನ್ನು ಕಳಿಸಿಕೊಡುವ ಹೊತ್ತಿಗೆ ತಾನು ಒಳಗೇ ಉಳಿದುಹೋಗುತ್ತೇನೆ ಎಂಬುದೊಂದೇ ಹುಡುಗಿಯ ತಲೆಯಲ್ಲಿತ್ತು. ಆ ತಲೆಯ ಬಲಭಾಗದಲ್ಲಿ, ಕಣ್ಣಿನ ಹಿಂದೆ, ಕಾದ ಸಲಾಕೆ ತಿರುವಿದಂಥ ನೋವು ಆಗಲೇ ಶುರುವಾಗಿತ್ತು.

"ದುಃಖ ತಲೆಗೇರಿದೆ ನಿಂಗೆ. ಸ್ವಲ್ಪ ಒರಗಿಕೋ, ಸರಿಹೋಗತ್ತೆ."

"ಒರಗಿದ್ರೆ ಸತ್ತೇ ಹೋಗ್ತೀನಿ. ನಡೀಬೇಕು ನಾನು."

"ಬಿಡ್ತು ಅನ್ನು! ಇಂಥ ಹೊತ್ತಲ್ಲಿ ಆಡೋ ಮಾತಾ ಇದು?"

*

ಗಾಜು ಕತ್ತರಿಸಿ ಕಿಟಕಿಗೆ ಕೂರಿಸುವುದು ಅಪ್ಪನ ಕಸುಬು. ಅವನಿಗೂ ಇದೇ ನೋವು. ಬಂದರೆ ಮೊದಲು ಕೈಲಿದ್ದ ಗಾಜನ್ನು ಜೋಪಾನವಾಗಿ ಕೆಳಗಿಡುತ್ತಿದ್ದ, ಆಮೇಲೆ ಅಂಗಡಿಯ ಹಿಂದಿನ ಓಣಿಗೆ ಓಡುತ್ತಿದ್ದ. ಅಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು, ಹಣೆಗೆ ಗುದ್ದಿಕೊಳ್ಳುವುದು. ಒಂದು ಕಣ್ಣು ಕೆಂಡದ ಹಾಗೆ ಕೆಂಪಾಗಿ, ರೆಪ್ಪೆ ಜೋತುಬಿದ್ದು, ಅದೇ ಕಡೆಯ ಮೂಗು ಸೋರುತ್ತಿತ್ತು. ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು, "ಎಲ್ಲಿಗೆ ಬಂದಿತ್ತು ಕೆಲಸ?" ಎನ್ನುತ್ತಿದ್ದ.

ಕೆಲವು ವಾರ ದಿನಾ ಅದೇ ಹೊತ್ತಿಗೆ ಬರುವುದು, ಆಮೇಲೆ ತಿಂಗಳುಗಟ್ಟಲೆ ಪತ್ತೆಯೇ ಇಲ್ಲ. ಅಪ್ಪ ಅದನ್ನು ನೆಂಟ ಎಂದು ಕರೆಯುತ್ತಿದ್ದ. "ಹೇಳಿದ ಹೊತ್ತಿಗೆ ಬರ್ತಾನೆ ಮಹರಾಯ. ನಮ್ಮ ಗಿರಾಕಿಗಳಿಗೂ ಈ ಬುದ್ಧಿ ಇದ್ದಿದ್ರೆ!"

ಜನ ಮಾತ್ರ ಕುಡುಕ ಎಂದರು. ಅತ್ತೆಯೂ ಹಾಗೇ ತಿಳಿದಿದ್ದಳು. ತನ್ನ ಮಗಳ ಮದುವೆಯ ಊಟದ ನಡುವೆ ಎದ್ದು ಓಡಿದ ತಮ್ಮನನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ. ಅಪ್ಪ ಬಿಡಿಸಿ ಹೇಳಲು ಹೋಗಲಿಲ್ಲ. "ತಲೆನೋವು ಅಂದ್ರೆ ನಂಗೂ ಬರತ್ತಪ್ಪ ಅಂತಾರೆ. ಬಿಡು ಅತ್ಲಾಗೆ."

ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಹಲ್ಲಿನವರು ಗಟ್ಟಿಮುಟ್ಟಾದ ದವಡೆಹಲ್ಲನ್ನೇ ಕಿತ್ತರು, ಪುಣ್ಯಾತ್ಮರು! ಕೊನೆಗೆ ಒಬ್ಬ ಡಾಕ್ಟರಮ್ಮ, "ನೋವು ಬಂದಾಗ ಮಲಗ್ತೀರೋ, ಓಡಾಡ್ತೀರೋ?" ಎಂದು ಕೇಳಿದರು. ಅಪ್ಪ ನಕ್ಕುಬಿಟ್ಟ. "ಮಲಗೋಕೆ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?" ಇದು ಕ್ಲಸ್ಟರ್ ತಲೆನೋವು ಎಂದು ಅವರೇ ಹೇಳಿದ್ದು. ನೋವು ಬಂದಾಗ ಉಸಿರಿಗೆ ಎಳೆದುಕೊಂಡರೆ ಬೇಗ ಇಳಿಯುತ್ತದೆಂದು, ಮನೆಯಲ್ಲಿಟ್ಟುಕೊಳ್ಳಲು ಆಮ್ಲಜನಕದ ಸಿಲಿಂಡರು, ಮಾಸ್ಕು ಬರೆದುಕೊಟ್ಟರು.

ಹೋದ ವರ್ಷ ನೋವು ಮಗಳನ್ನೂ ಹಿಡಿಯಿತು. ಆ ದಿನ ಅಪ್ಪ ಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾಸ್ಕು ಒತ್ತಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ಅವಳು ಕಣ್ಣು ಹಿಡಿದುಕೊಂಡು ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ನೋಡಿದ. ಮಾಸ್ಕನ್ನು ತನ್ನ ಮುಖದಿಂದ ತೆಗೆದು ಅವಳ ಮುಖಕ್ಕೆ ಹಿಡಿದ. ತಾನು ಹಿತ್ತಲಿಗೆ ಹೋಗಿ ನಡೆಯತೊಡಗಿದ. ಎಂಥ ಮನುಷ್ಯ! ಆ ನೋವಿನ ನಡುವೆ ಅದನ್ನು ಬಿಟ್ಟುಕೊಡುವುದೆಂದರೆ ಏನೆಂದು ಅವಳೊಬ್ಬಳಿಗೇ ಗೊತ್ತು.

*

ಅತ್ತೆಯ ಕೈ ಕೊಸರಿಕೊಂಡು ಅವಳು ಹಜಾರಕ್ಕೆ ಬಂದಳು. ಹಿತ್ತಲ ಬಾಗಿಲು ತೆರೆದೇ ಇತ್ತು. ಅಪ್ಪನಾಗಿದ್ದರೆ ಯಾರ ಕಣ್ಣಿಗೂ ಬೀಳದೆ ಅಲ್ಲಿಂದ ಜಾರಿಕೊಳ್ಳುತ್ತಿದ್ದ. ಅವಳು ಹೋಗಲಿಲ್ಲ. ಅಷ್ಟು ಜನರ ಎದುರಿಗೇ ಅಪ್ಪನ ತಲೆಯ ಹತ್ತಿರದಿಂದ ಕಾಲಿನವರೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಹಣೆಗೆ ಗುದ್ದಿಕೊಂಡಳು.

"ಅಪ್ಪನ ಚಾಳಿ ಮಗಳಿಗೂ ಬಂತಲ್ಲಪ್ಪ," ಎಂದು ಯಾರೋ ಪಿಸುಗುಟ್ಟಿದರು.

"ಹೊರಡೋಣ್ವಾ? ಹೊತ್ತಾಯ್ತು," ಎಂದ ಗಾಡಿಯವನು.

"ಕಾಯಪ್ಪ." ಅಮ್ಮ ಸಿಲಿಂಡರನ್ನು ಎಳೆದುಕೊಂಡು ಬಂದಳು. "ಬಾಗಿಲಲ್ಲಿ ಸಿಗರೇಟು ಯಾರದು? ಆರಿಸಿ ಮೊದ್ಲು, ಇಲ್ಲಾಂದ್ರೆ ಎಲ್ರನ್ನೂ ಒಟ್ಟಿಗೇ ಕಳಿಸ್ಬೇಕಾಗತ್ತೆ." ಆಮೇಲೆ ಪಿಸುಗುಟ್ಟಿದವರ ಕಡೆ ತಿರುಗಿದಳು. "ಅವಳು ಕುಡಿದಿಲ್ಲ. ಅವರೂ ಕುಡೀತಿರ್ಲಿಲ್ಲ. ಇದು ಕಾಯಿಲೆ. ಎಲ್ರೂ ಗೋಡೆ ಕಡೆ ಸರೀರಿ, ಮಗು ನಡೀಲಿ."

ಎಲ್ಲರೂ ಸರಿದರು. ಅತ್ತೆ ಒಬ್ಬಳು ಮುಂದೆ ಬಂದು ಹುಡುಗಿಯ ಗಲ್ಲ ಹಿಡಿದೆತ್ತಿ ನೋಡಿದಳು. ಬಲಗಣ್ಣೊಂದೇ ಕೆಂಪಾಗಿ ನೀರು ಸುರಿಯುತ್ತಿತ್ತು, ಎಡಗಣ್ಣು ಒಣಗಿತ್ತು.

"ಅಯ್ಯೋ, ಅವತ್ತು ಮದುವೆ ಮನೇಲೂ ಇದೇ ಕಣ್ಣು!" ಎಂದಳು. "ನಂಗ್ಯಾಕೆ ಹೇಳ್ಲಿಲ್ವೇ ಅವನು?"

"ಇದು ಬೀಳದ ಹಾಗೆ ಹಿಡ್ಕೊಳ್ಳಿ ಅತ್ತಿಗೆ," ಎಂದಳು ಅಮ್ಮ.

ಅತ್ತೆ ನೆಲದ ಮೇಲೆ ಕುಕ್ಕರಿಸಿ ಸಿಲಿಂಡರನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಮಗಳು ಅಪ್ಪನ ಪಕ್ಕದಲ್ಲಿ ಕೂತು, ಮಾಸ್ಕು ಒತ್ತಿಕೊಂಡು ತೂಗತೊಡಗಿದಳು. ಗಾಡಿಯವನು ಹೋಗಿ ಎಂಜಿನ್ನು ಆರಿಸಿ ಬಂದ.

ತೂಗುವುದು ನಿಧಾನವಾಯಿತು, ಕೊನೆಗೆ ನಿಂತಿತು. ಅವಳು ಮಾಸ್ಕು ತೆಗೆದು ಅಪ್ಪನ ಮುಖ ನೋಡಿದಳು. ಆಗ ಅವಳ ಎಡಗಣ್ಣೂ ತುಂಬಿ ಹರಿಯಿತು.